ಕೊಡುವುದನ್ನು ಕಲಿತ ಮಗು ಮುಂದಾಳಾಗುತ್ತದೆ

(ಉಟ್ಕೂರಿನಲ್ಲಿ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹೊಲದ ಕೆಲಸ, ಕೂಲಿ ಬಿಟ್ಟು ತಾವು ಇಲ್ಲಿಗೆ ಬಂದಿದ್ದೀರಿ. ತಮ್ಮ ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.

ಕಳೆದ ತಿಂಗಳು ಒಬ್ಬ ತಂದೆ ನನ್ನ ಬಳಿ ಬಂದು, "ಸಾರ್, ನನ್ನ ಮಗಳನ್ನು ಓದಲಿಕ್ಕೆ ಕಳಿಸೀನಿ, ದಾನ ಧರ್ಮ ಮಾಡಲಿಕ್ಕಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಚಿಂತೆಯೇ ಹೆಚ್ಚಾಗಿತ್ತು. ಆ ಚಿಂತೆ ತಮ್ಮಲ್ಲಿ ಅನೇಕರಿಗೂ ಇದೆ. ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ.

ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಒಂದು ಸೇವಾ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಶನಿವಾರ ಶನಿವಾರ ಇಚ್ಛೆ ಇದ್ದವರು ಒಂದು ರೂಪಾಯಿ ಹಾಕುತ್ತಾರೆ. ಹಳೆಯ ಪಠ್ಯಪುಸ್ತಕಗಳನ್ನೂ ಕೂಡಿಸಿ ಕೆಳಗಿನ ತರಗತಿಯವರಿಗೆ ಕೊಡುತ್ತಾರೆ. ಹಣ ಯಾರಿಗೆ, ಯಾವುದಕ್ಕೆ ಎಂದು ತೀರ್ಮಾನಿಸುವವರು ಮಕ್ಕಳೇ ಆರಿಸಿದ ಐದು ಜನ. ಆ ತಂದೆಯ ಮಗಳೇ ಅದರ ಮುಖ್ಯಸ್ಥೆ. ಒಂದು ವರ್ಷದ ಹಿಂದೆ ಹಾಜರಿ ಕೂಗಿದರೂ ಆಕೆಯ ದನಿ ಕೇಳಿಸುತ್ತಿರಲಿಲ್ಲ.

ಮೊದಲ ಸಲ ಮಕ್ಕಳು ಒಂದು ತಪ್ಪು ಮಾಡಿದರು. ಕಾಲಲ್ಲಿ ಚಪ್ಪಲಿ ಇಲ್ಲದ ಒಬ್ಬ ಹುಡುಗನಿಗೆ ಚಪ್ಪಲಿ ತಂದು, ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರು ಹೆಸರು ಕರೆದು ಕೊಟ್ಟರು. ಚಪ್ಪಾಳೆಯೂ ಬಿತ್ತು. ಮರುದಿನದಿಂದ ಎರಡು ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ತಡೆಯಬೇಕಾಗಿದ್ದವನು ನಾನು, ನನಗೂ ಹೊಳೆಯಲಿಲ್ಲ. ಮೂರನೆಯ ದಿನ ಈ ಹುಡುಗಿಯೇ ಇನ್ನಿಬ್ಬರನ್ನು ಕರೆದುಕೊಂಡು ಅವರ ಮನೆಗೆ ಹೋಗಿ, "ತಪ್ಪಾಯ್ತು, ಶಾಲೆಗೆ ಬಾರಪ್ಪಾ" ಎಂದು ಕೇಳಿಕೊಂಡಳು. ಹುಡುಗ ಬಂದ. ಅಂದೇ ಮಕ್ಕಳು ಕುಳಿತು, ಇನ್ನು ಮೇಲೆ ಯಾರ ಹೆಸರನ್ನೂ ಹೇಳಬಾರದು, ಲೆಕ್ಕ ಮಾತ್ರ ಎಲ್ಲರಿಗೂ ತೋರಿಸಬೇಕು ಎಂದು ನಿಯಮ ಬರೆದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಾನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೆ. ಅದು ಅವರಿಗೆ ಅರ್ಥವಾದದ್ದು ಆ ದಿನ.

ನಾಯಕತ್ವವೆಂದರೆ ವೇದಿಕೆ ಏರಿ ಭಾಷಣ ಮಾಡುವುದಷ್ಟೇ ಅಲ್ಲ. ತಪ್ಪನ್ನು ಒಪ್ಪಿಕೊಳ್ಳುವುದು, ಹತ್ತು ಜನರ ಮಾತು ಕೇಳುವುದು, ಪರರ ಹಣಕ್ಕೆ ಪೈಸೆ ಪೈಸೆ ಲೆಕ್ಕ ಕೊಡುವುದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮಕ್ಕಳಿಗೆ "ನಾನೂ ಬೇಕಾದವನು" ಎನಿಸಿಕೊಳ್ಳುವ ಹಸಿವು ಇರುತ್ತದೆ. ಒಳ್ಳೆಯ ಕೆಲಸ ಕೊಡದಿದ್ದರೆ ಆ ಹಸಿವು ಬೇರೆ ದಾರಿ ಹುಡುಕುತ್ತದೆ.

ಇದು ಹೊಸ ವಿಚಾರವೇನೂ ಅಲ್ಲ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರು ದುಡಿದರು. ಉಮಾಬಾಯಿ ಕುಂದಾಪುರ ಅವರು ಮಹಿಳೆಯರನ್ನು ಮನೆಯಿಂದ ಹೊರಗೆ ಕರೆತಂದು ಸೇವೆಗೆ ನಿಲ್ಲಿಸಿದರು. 1969ರ ಸೆಪ್ಟೆಂಬರ್ 24ರಂದು, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅಂದಿನ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಆರಂಭಿಸಿದರು. "ನಾನಲ್ಲ, ನೀನು" ಎಂಬುದು ಅದರ ಧ್ಯೇಯ. ಅದರಲ್ಲಿ ಸೇರಿದವರಿಗೆ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ನಿಗದಿಯಾಗಿದೆ. ನಮ್ಮ ಮಕ್ಕಳಿಂದ ನಾವು ಕೇಳುವುದು ವಾರಕ್ಕೆ ಒಂದು ಗಂಟೆ ಮಾತ್ರ.

ಗಡಿಯ ಈಚೆ ಇರುವ ನಮಗೆ ಇದರ ಅಗತ್ಯ ಇನ್ನೂ ಹೆಚ್ಚು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಅಹವಾಲು ನೋಡಲು 350-ಬಿ ವಿಧಿಯಡಿ ವಿಶೇಷಾಧಿಕಾರಿ ಇದ್ದಾರೆ. ಆದರೆ ಕೇಳುವವರಿಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ, ಕನ್ನಡ ಪುಸ್ತಕ ತಡವಾದಾಗ ನಾಳೆ ಅರ್ಜಿ ಬರೆದು ನಾರಾಯಣಪೇಟೆಗೆ ಹೋಗಿ ಅಧಿಕಾರಿಗಳ ಮುಂದೆ ಕೂಡುವವರು ಯಾರು? ಇಂದು ಐದು ಜನರ ಸಭೆ ನಡೆಸಿ, ನಡಾವಳಿ ಬರೆದು, ಲೆಕ್ಕ ಒಪ್ಪಿಸುವ ಈ ಮಕ್ಕಳೇ.

ತಮ್ಮ ಚಿಂತೆಗೆ ನಾವು ಕೊಡುವ ಮಾತು ಇಷ್ಟು. ಮಕ್ಕಳನ್ನು ಪೇಟೆಯಲ್ಲಿ ಚಂದಾ ಎತ್ತಲು ಕಳಿಸುವುದಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಈ ಕೆಲಸ ಇರುವುದಿಲ್ಲ. ರೂಪಾಯಿ ತರದ ಮಗುವನ್ನು ಯಾರೂ ಕೇಳುವುದಿಲ್ಲ. ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟರೂ ಅದು ಸೇವೆಯೇ. ಲೆಕ್ಕದ ಪುಸ್ತಕ ಯಾವಾಗ ಬೇಕಾದರೂ ತಾವು ಬಂದು ನೋಡಬಹುದು.

ತಮ್ಮಿಂದ ನಾನು ಬೇಡುವುದೂ ಒಂದೇ. ಶನಿವಾರ ಸಂಜೆ ಮಗು ಒಂದು ಗಂಟೆ ತಡವಾಗಿ ಬಂದರೆ ಬೈಯಬೇಡಿ. "ಇವತ್ತು ಏನು ತೀರ್ಮಾನ ಮಾಡಿದಿರಿ?" ಎಂದು ಕೇಳಿ. ಹೆಣ್ಣುಮಕ್ಕಳನ್ನೂ ಅಷ್ಟೇ ಪ್ರೀತಿಯಿಂದ ಕಳಿಸಿ.

ಅಂದಹಾಗೆ, ಆ ತಂದೆ ಈ ದಿನ ಇಲ್ಲೇ ಕುಳಿತಿದ್ದಾರೆ. ಮಗಳು ಬರೆದ ಲೆಕ್ಕವನ್ನು ಸಭೆಗೆ ಮುಂಚೆ ಆಕೆಯಿಂದಲೇ ಓದಿಸಿ ಕೇಳಿದರು. ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ.