ಚಲನ್ ಓದದೆ ಬಂಡಲ್ ಒಡೆಯಬೇಡಿ
(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತರುಣರಿಗಾಗಿ ಮಾಡಿದ ಭಾಷಣ)



ನಾನು ಪಿಯುಸಿ ಓದಿದ ಅಚ್ಚುಕೂಟದವನು. ಇವನಿಗೇಕೆ ಜಾವಾ ಉಸಾಬರಿ ಎನ್ನಬೇಡಿ. ಪರದೆಯ ಮೇಲೆ ಕನ್ನಡದ ಬದಲು ಸೊಟ್ಟ ಗೀಟುಗಳು ಬಂದಾಗ ಕೇಳುವ ಮಾತು ಒಂದೇ: 'ಕನ್ನಡ ಬರೋದಿಲ್ಲ, ಇಂಗ್ಲಿಷ್ ಹಾಕಿಬಿಡಿ.' ಇದು ಶುದ್ಧ ಸುಳ್ಳು! ಎಷ್ಟೋ ಸಲ ತಪ್ಪು ಕನ್ನಡದ್ದಲ್ಲ, ಸರ್ವರ್ ಕಳಿಸಿದ ಚಲನ್ ಓದದ ಪ್ರೋಗ್ರಾಮಿನದು.

ಪ್ರೆಸ್ಸಿಗೆ ಕಾಗದ ಬಂದಾಗ ಮೊದಲು ಚಲನ್ ನೋಡುತ್ತೇವೆ: ಎಷ್ಟು ರೀಮು, ಯಾವ ಅಳತೆ. ಬಂಡಲ್ ಒಡೆಯುವುದು ಆಮೇಲೆ. ಸರ್ವರ್ ಕೊಡುವ ಉತ್ತರವೂ ಹಾಗೆಯೇ. ಮೊದಲು ಸ್ಟೇಟಸ್ ಕೋಡ್, ನಂತರ ಹೆಡರ್‌ಗಳು, ಕೊನೆಗೆ ಸರಕು.

200 ಎಂದರೆ ಸರಿ. 301 ಎಂದರೆ ವಿಳಾಸ ಬದಲಾಗಿದೆ. ಹೊಸದು 'ಲೊಕೇಶನ್' ಹೆಡರಿನಲ್ಲಿದೆ. 404 ಎಂದರೆ ಕೇಳಿದ್ದು ಇಲ್ಲ. 503 ಎಂದರೆ ಸರ್ವರ್ ಸದ್ಯಕ್ಕೆ ಕೊಡಲಾರದು. ಎಷ್ಟು ಹೊತ್ತು ಕಾಯಬೇಕೆಂದು 'ರಿಟ್ರೈ-ಆಫ್ಟರ್' ಹೇಳಬಹುದು. 2018ರ ಜಾವಾ 11ರಲ್ಲಿ ಬಂದ ಎಚ್‌ಟಿಟಿಪಿ ಕ್ಲೈಂಟ್ 404 ಬಂದರೂ ಕೂಗಿ ಹೇಳುವುದಿಲ್ಲ. ನೀವು ಹೇಳದೆ 301ರ ಹೊಸ ವಿಳಾಸಕ್ಕೂ ಹೋಗುವುದಿಲ್ಲ. ಸ್ಟೇಟಸ್ ಕೋಡ್ ನೀವೇ ಕೇಳಬೇಕು.

ಇದೇನು ಮಹಾ ಎನ್ನುತ್ತೀರಾ? ಅಫಜಲಪುರದ ರೈತನೊಬ್ಬ ನೀವು ಬರೆದ ಆ್ಯಪ್‌ನಲ್ಲಿ ಪಹಣಿ ಹುಡುಕಿದ ಎನ್ನಿ. 503 ಬಂದಾಗ 'ಸ್ವಲ್ಪ ಹೊತ್ತು ಬಿಟ್ಟು ನೋಡಿ' ಅನ್ನಬೇಕು. ನೀವು ಕೋಡ್ ಓದದೆ 'ದಾಖಲೆ ಇಲ್ಲ' ಅಂದರೆ ಆತ ಗಾಬರಿಯಾಗಿ, ಕೂಲಿ ಬಿಟ್ಟು ತಹಶೀಲ್ ಕಚೇರಿಗೆ ಬಸ್ಸು ಹತ್ತುತ್ತಾನೆ. ಆ ದಿನದ ಕೂಲಿ ಯಾರು ಕೊಡುತ್ತಾರೆ?

ಈಗ ಕನ್ನಡದ ವಿಷಯ. 'ಕಂಟೆಂಟ್-ಟೈಪ್' ಹೆಡರಿನಲ್ಲಿ ಅಕ್ಷರಗಳ ಸಂಕೇತ ಯಾವುದೆಂದು ಬರೆದಿರುತ್ತದೆ. ಯುಟಿಎಫ್-8ರಲ್ಲಿ 'ಕ' ಅಕ್ಷರಕ್ಕೆ ಮೂರು ಬೈಟು. ಹೆಡರಿನಲ್ಲಿ ಐಎಸ್‌ಒ-8859-1 ಎಂದು ತಪ್ಪಾಗಿ ಬರೆದಿದ್ದರೆ ಜಾವಾ ಅದನ್ನೇ ನಂಬಿ, ಒಂದು 'ಕ'ವನ್ನು ಮೂರು ಚೂರು ಮಾಡುತ್ತದೆ. ಸಂಕೇತವನ್ನೇ ಬರೆಯದಿದ್ದರೆ ಹೊಸ ಕ್ಲೈಂಟ್ ಯುಟಿಎಫ್-8 ಎಂದೇ ಓದುತ್ತದೆ. ಹಳೆಯ ಯುಆರ್‌ಎಲ್ ಕನೆಕ್ಷನ್ ಬಳಸಿ ಸಂಕೇತ ಹೇಳದೆ ಓದಿದರೆ, 2022ರ ಜಾವಾ 18ಕ್ಕಿಂತ ಮೊದಲಿನದರಲ್ಲಿ ಆಯಾ ಯಂತ್ರದ ರೂಢಿಯೇ ಗತಿ. ಉಪಾಯ ಸರಳ: ಹೆಡರ್ ಓದಿ, ಅದು ಸುಳ್ಳೆಂದು ಗೊತ್ತಾದರೆ ಸರಕನ್ನು ಬೈಟುಗಳಾಗಿಯೇ ಇಳಿಸಿಕೊಂಡು, ಯುಟಿಎಫ್-8 ಎಂದು ನೀವೇ ಬಿಡಿಸಿ.

ಇನ್ನೊಂದು ಮಾತು. ಕೇಳುವಾಗಲೇ 'ಅಕ್ಸೆಪ್ಟ್-ಲ್ಯಾಂಗ್ವೇಜ್' ಹೆಡರಿನಲ್ಲಿ ಕನ್ನಡದ ಗುರುತಾದ 'ಕೆಎನ್' ಬರೆಯಿರಿ. ಬಂದ ಉತ್ತರದಲ್ಲಿ 'ಕಂಟೆಂಟ್-ಲ್ಯಾಂಗ್ವೇಜ್' ನೋಡಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಪುಟಗಳು ಅಲ್ಲಿ 'ಕೆಎನ್' ಎಂದೇ ಹೇಳುತ್ತವೆ. ಕನ್ನಡ ಕೇಳಿದರೂ ಸರ್ವರ್ ಇಂಗ್ಲಿಷೇ ಕೊಡಬಹುದು, ನಿಜ. ಆದರೆ ಕೇಳಿದ್ದೇನು, ಕೊಟ್ಟಿದ್ದೇನು ಎಂಬುದಕ್ಕೆ ಆಗ ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಬೀದಿಯಲ್ಲಿ ನಿಂತು ಕೂಗುವುದು ಒಂದು ಕೆಲಸ. ಕುರ್ಚಿಯಲ್ಲಿ ಕೂತು ಸರಿಯಾಗಿ ನಾಲ್ಕು ಸಾಲು ಬರೆಯುವುದೂ ಕನ್ನಡದ ಕೆಲಸವೇ. ನಾಳೆ ಯಾರಾದರೂ 'ಕನ್ನಡ ಬರೋದಿಲ್ಲ' ಎಂದರೆ ಜಗಳಕ್ಕೆ ಹೋಗಬೇಡಿ. 'ಹೆಡರ್ ತೋರಿಸಿ ಸ್ವಾಮಿ' ಅನ್ನಿ.