ಹಿತ್ತಲ ಸೂರ್ಯಕಾಂತಿ: ಬೀಜಕ್ಕೆ ಬಿಟ್ಟ ತೆನೆಯ ಆಸರೆ, ರಕ್ಷಣೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಎಣ್ಣೆಗಾಗಿ ಎಕರೆಗಟ್ಟಲೆ ಬೆಳೆಯುವ ಸೂರ್ಯಕಾಂತಿಯ ವಿಚಾರ ನಿಮಗೆ ಹೊಸದಲ್ಲ. ಇಂದು ನಾನು ಹೇಳಹೊರಟಿರುವುದು ಹಿತ್ತಲಿನಲ್ಲಿ, ಬಾವಿಯ ಬದಿಯಲ್ಲಿ, ತರಕಾರಿ ಮಡಿಯ ಅಂಚಿನಲ್ಲಿ ಮುಂದಿನ ವರ್ಷದ ಬೀಜಕ್ಕೆಂದೇ ಬಿಡುವ ಐವತ್ತು ಅರವತ್ತು ಗಿಡಗಳ ವಿಚಾರ. ಹೊಲದಲ್ಲಿ ಇಪ್ಪತ್ತು ತೆನೆ ಹೋದರೆ ಇಳುವರಿ ಅಷ್ಟು ಕಡಿಮೆಯಾದೀತು. ಹಿತ್ತಲಿನಲ್ಲಿ ಇಪ್ಪತ್ತು ತೆನೆ ಹೋದರೆ ಬೀಜವೇ ಹೋದಂತೆ. ಮುಂಗಾರಿನಲ್ಲಿ ಮತ್ತೆ ಅಂಗಡಿಯ ಮುಂದೆ ನಿಲ್ಲಬೇಕು.

ಯಾವುದರ ಬೀಜ ಕಟ್ಟಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1969ರಲ್ಲಿ ಆಗಿನ ಸೋವಿಯತ್ ರಷ್ಯದಿಂದ ಎಣ್ಣೆಯ ತಳಿಗಳು ನಮ್ಮ ದೇಶಕ್ಕೆ ಬಂದವು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬಿ.ಎಸ್.ಎಚ್-1 ಎಂಬ ಸಂಕರಣ ತಳಿ ಬಿಡುಗಡೆಯಾಯಿತು. ಆಮೇಲೆ ಸಂಕರಣಗಳದೇ ಕಾಲ. ಅವುಗಳ ಬೀಜವನ್ನು ಮಾತ್ರ ಕಟ್ಟಿಡಬೇಡಿ. ಮುಂದಿನ ಪೀಳಿಗೆಯಲ್ಲಿ ಒಂದು ಗಿಡ ಸೊಂಟದೆತ್ತರ, ಮತ್ತೊಂದು ಆಳೆತ್ತರ. ಕೆಲವು ಹೂಗಳಲ್ಲಿ ಪರಾಗವೇ ಇರುವುದಿಲ್ಲ. ಮಾರ್ಡನ್‌ನಂತಹ ಸುಧಾರಿತ ತಳಿಯಾದರೆ ಅಡ್ಡಿಯಿಲ್ಲ. ಮನೆಯಲ್ಲಿ ಹಿಂದಿನಿಂದ ಉಳಿಸಿಕೊಂಡು ಬಂದ ಗಿಡವಾದರೆ ಇನ್ನೂ ಸಂತೋಷ.

ಈ ಗಿಡ ಪರಪರಾಗಸ್ಪರ್ಶದ್ದು. ಜೇನುನೊಣಕ್ಕೆ ನಿಮ್ಮ ಬೇಲಿ ಗೊತ್ತಿಲ್ಲ. ತಳಿಗಳ ಪ್ರಮಾಣಿತ ಬೀಜೋತ್ಪಾದನೆಗೆ 200 ಮೀಟರ್, ಮೂಲ ಬೀಜಕ್ಕೆ 400 ಮೀಟರ್ ಅಂತರವಿರಬೇಕೆಂಬ ನಿಯಮವಿದೆ. ಊರೊಳಗಿನ ಹಿತ್ತಲಿಗೆ ಇದು ಆಗದ ಮಾತು. ಪಕ್ಕದವರ ಹೊಲ ಹೂವಾಡುವ ಸಮಯಕ್ಕೂ ನಿಮ್ಮದಕ್ಕೂ ಮೂರು ನಾಲ್ಕು ವಾರ ವ್ಯತ್ಯಾಸ ಬರುವಂತೆ ಬಿತ್ತಿ. ಅದೂ ಆಗದಿದ್ದರೆ ಹಳದಿ ಎಸಳು ಬಿಚ್ಚುವ ಮೊದಲೇ ತೆನೆಗೆ ತೆಳುಬಟ್ಟೆಯ ಚೀಲ ಹಾಕಿ. ಆದರೆ ಚೀಲ ಹಾಕಿ ಸುಮ್ಮನಿದ್ದರೆ ಜೊಳ್ಳೇ ಗತಿ, ಏಕೆಂದರೆ ಬಹುಪಾಲು ಗಿಡಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಳು ಕಟ್ಟುವುದಿಲ್ಲ. ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ ಒಂದೊಂದೇ ಚೀಲ ಬಿಚ್ಚಿ, ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು, ಒಂದು ತೆನೆಯಿಂದ ಇನ್ನೊಂದಕ್ಕೆ ಮೃದುವಾಗಿ ಸವರುತ್ತಾ ಹೋಗಿ, ಕೂಡಲೇ ಚೀಲ ಕಟ್ಟಿ. ಹೂಗಳು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುವುದರಿಂದ, ದಿನ ಬಿಟ್ಟು ದಿನ, ಅರಳಿ ಮುಗಿಯುವವರೆಗೂ ಇದನ್ನು ಮಾಡಬೇಕು.

ಇನ್ನು ಆಸರೆ. ಮಾರ್ಡನ್ ಮೂರಡಿಯ ಗಿಡ. ತಿಂಗಳಿಗೆ ಬುಡಕ್ಕೆ ಮಣ್ಣೇರಿಸಿದರೆ ಸಾಕು. ಐದಾರು ಅಡಿ ಬೆಳೆಯುವ ಗಿಡಗಳಿಗೆ ಗೂಟ ಬೇಕು. ತೆನೆ ತೂಗಿದ ಮೇಲೆ ಗೂಟ ಹುಡುಕಿದರೆ ಪ್ರಯೋಜನವಿಲ್ಲ, ಆಗ ನೆಟ್ಟರೆ ಬೇರೂ ಕಡಿಯುತ್ತದೆ. ಗಿಡ ಮೊಣಕಾಲೆತ್ತರ ಇರುವಾಗಲೇ ಗೇಣು ದೂರದಲ್ಲಿ ನೆಡಿ. ಯಾವ ಕಡೆ? ಅರಳಿದ ತೆನೆ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ನಿಂತು ಆ ಕಡೆಗೇ ಬಾಗುತ್ತದೆ. ಮುಂಗಾರಿನ ಗಾಳಿಯೂ ಪಶ್ಚಿಮದಿಂದ ಬಂದು ಅದನ್ನು ಹಿಂದಿನಿಂದ ನೂಕುತ್ತದೆ. ಆದ್ದರಿಂದ ಗೂಟ ಗಿಡದ ಪಶ್ಚಿಮಕ್ಕಿರಲಿ. ಬಾಳೆನಾರು ಅಥವಾ ಗೋಣಿದಾರದಿಂದ ಎಂಟರ ಆಕಾರದಲ್ಲಿ ಎರಡು ಕಡೆ ಸಡಿಲವಾಗಿ ಕಟ್ಟಿ. ತೆನೆಯ ಕತ್ತಿಗೆ ಕಟ್ಟಬಾರದು, ಅದು ಬಾಗಬೇಕು. ಬಾಗಿದ ತೆನೆಯ ಮೇಲೆ ಮಳೆನೀರು ನಿಲ್ಲುವುದಿಲ್ಲ, ಗಿಳಿಗೂ ಕುಳಿತು ತಿನ್ನಲು ಅನುಕೂಲ ಕಡಿಮೆ.

ಗಿಳಿಯೇ ಮುಖ್ಯ ಶತ್ರು. ಕಾಳಿನಲ್ಲಿ ಹಾಲು ತುಂಬಿದ ದಿನ ಅದಕ್ಕೆ ನಮಗಿಂತ ಮೊದಲು ತಿಳಿಯುತ್ತದೆ. ತಿನ್ನುವುದು ಸ್ವಲ್ಪ, ಉದುರಿಸುವುದೇ ಹೆಚ್ಚು. ಬೆದರುಬೊಂಬೆಯನ್ನು ನಾನು ನೆಚ್ಚುವುದಿಲ್ಲ. ಮೂರನೆಯ ದಿನ ಅದರ ತಲೆಯ ಮೇಲೆಯೇ ಗಿಳಿ ಕುಳಿತಿರುತ್ತದೆ. ಹೊಳೆಯುವ ಪಟ್ಟಿಯನ್ನು ತಿರುಚಿ, ತೆನೆಗಿಂತ ಒಂದಡಿ ಮೇಲೆ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಕೆಲಕಾಲ ಉಪಯೋಗವಾದೀತು. ಹಿತ್ತಲಿನವರಿಗೆ ಇದಕ್ಕಿಂತ ಖಚಿತವಾದದ್ದು ಚೀಲ. ಹೂ ಮುಗಿದು ಎಸಳು ಬಾಡಿದ ಕೂಡಲೇ ಹಳೆಯ ಸೀರೆಯ ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದ ಚೀಲವನ್ನು ಸಡಿಲವಾಗಿ ಹಾಕಿ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ಬೆವೆತು ತೆನೆ ಕೊಳೆಯುತ್ತದೆ. ಜೋರು ಮಳೆ ಬಂದ ಮರುದಿನ ಚೀಲ ತೆಗೆದು ಒಣಗಿಸಿ ಮತ್ತೆ ಹಾಕಿ. ಬೆಳಗಿನ ಮತ್ತು ಸಂಜೆಯ ಎರಡು ಗಂಟೆ ಮಕ್ಕಳು ತಗಡು ಬಾರಿಸುತ್ತಿದ್ದರೆ ಒಳ್ಳೆಯದು. ವಿಷ ಇಡುವುದು, ಗಿಳಿ ಹಿಡಿಯುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಹೂವಿದ್ದಾಗ ಕೀಟನಾಶಕ ಸಿಂಪಡಿಸಬೇಡಿ. ಜೇನು ಸತ್ತರೆ ಬಯಲಿನಲ್ಲಿ ಬಿಟ್ಟ ತೆನೆಯಲ್ಲೂ ಜೊಳ್ಳೇ.

ತೆನೆಯ ಹಿಂಭಾಗ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದಾಗ ಕೊಯ್ದು, ನೆರಳಿನಲ್ಲಿ ಬಾಡಿಸಿ, ಕೋಲಿನಿಂದ ಹಗುರವಾಗಿ ಬಡಿಯಿರಿ. ಒಂದೇ ದೊಡ್ಡ ತೆನೆಗೆ ಮರುಳಾಗದೆ, ರೋಗವಿಲ್ಲದ ಎಲ್ಲ ಗಿಡಗಳಿಂದಲೂ ಅಂಚಿನ ಸುತ್ತಿನ ದಪ್ಪ ಕಾಳುಗಳನ್ನು ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ತೇವಾಂಶ 9 ಶೇಕಡಕ್ಕೆ ಇಳಿಯುವಂತೆ ಎಳೆಬಿಸಿಲಿನಲ್ಲಿ ಒಣಗಿಸಿ, ಬಟ್ಟೆಚೀಲದಲ್ಲಿ ತುಂಬಿ ತಂಪಾದ ಕಡೆ ತೂಗುಹಾಕಿ.

ಕೊಯ್ದ ವಾರದಲ್ಲೇ ಮೊಳಕೆ ಪರೀಕ್ಷೆ ಮಾಡಿ, ಬೀಜ ಸತ್ತಿದೆಯೆಂದು ಎಮ್ಮೆಗೆ ಹಾಕಿದವರುಂಟು. ಹೊಸ ಸೂರ್ಯಕಾಂತಿ ಬೀಜಕ್ಕೆ ಸುಮಾರು ಒಂದೂವರೆ ತಿಂಗಳು ಸುಪ್ತಾವಸ್ಥೆ ಇರುತ್ತದೆ. ಅದು ಕಳೆದ ಮೇಲೆ 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿ. 70ಕ್ಕೆ ಕಡಿಮೆಯಿಲ್ಲದೆ ಮೊಳೆತರೆ ಬಿತ್ತನೆಗೆ ಇಟ್ಟುಕೊಳ್ಳಬಹುದು.