ಮುಖ ಒಬ್ಬರದು, ದನಿ ಜಯಶ್ರೀಯವರದು
(ದೆಹಲಿಯ ಮುಖರ್ಜಿ ನಗರದಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಕಲಾವಿದೆಯೊಬ್ಬರ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ನಾವು ಬಿ. ಜಯಶ್ರೀಯವರನ್ನು ಆರಿಸಿಕೊಂಡಿದ್ದೇವೆ. ಈ ದೆಹಲಿಗೂ ಅವರಿಗೂ ನಂಟಿದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಮುಂದೆ ಹೇಳುತ್ತೇವೆ.

ಜಯಶ್ರೀಯವರು ಹುಟ್ಟಿದ್ದು 1950ರಲ್ಲಿ. ತಾತ ಗುಬ್ಬಿ ವೀರಣ್ಣನವರು, ತಾಯಿ ನಟಿ ಜಿ. ವಿ. ಮಾಲತಮ್ಮನವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರು ಕೇಳದ ಕನ್ನಡಿಗರಿಲ್ಲ. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಇಂಥ ತಾತನಿದ್ದರೆ ದಾರಿ ತಾನಾಗಿ ಆಗುತ್ತದೆ ಎನ್ನುವವರುಂಟು. ನಾವು ಒಪ್ಪುವುದಿಲ್ಲ. ಈ ಹುಡುಗಿ ಬೆಳೆಯುವ ಹೊತ್ತಿಗೆ ಕಂಪನಿ ನಾಟಕದ ಜನವನ್ನು ಸಿನಿಮಾ ಎಳೆದುಕೊಂಡಿತ್ತು. ರಾತ್ರಿ ಚಪ್ಪಾಳೆ ತಟ್ಟಿದವರೇ ಹಗಲಲ್ಲಿ ನಟಿಯರನ್ನು ಹಗುರವಾಗಿ ಆಡಿಕೊಳ್ಳುತ್ತಿದ್ದ ಕಾಲ ಬೇರೆ.

ನಾವೆಲ್ಲ ಅನ್ನ ಹುಡುಕಿಕೊಂಡು ಈ ಊರಿಗೆ ಬಂದೆವು. ಅವರು ವಿದ್ಯೆ ಹುಡುಕಿಕೊಂಡು ಬಂದರು. ಇಂದು ಮಂಡಿ ಹೌಸಿನ ಬಳಿ ಇರುವ ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಅಲ್ಕಾಜಿಯವರ ಕೈಕೆಳಗೆ ಕಲಿತು 1973ರಲ್ಲಿ ಪದವಿ ಪಡೆದರು. (ನಮ್ಮ ಬಿ. ವಿ. ಕಾರಂತರೂ ಅಲ್ಲಿಯೇ ಕಲಿತವರು. ಅವರು ಹುಡುಗನಾಗಿ ಸೇರಿದ್ದು ಗುಬ್ಬಿ ಕಂಪನಿಗೆ. ವೀರಣ್ಣನವರೇ ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದರು.)

ದಿಲ್ಲಿಯ ವಿದ್ಯೆ ಕಲಿತವರು ಕಂಪನಿ ನಾಟಕವನ್ನು ಕಂಡು ಮೂಗು ಮುರಿಯಬಹುದಿತ್ತು. ಜಯಶ್ರೀ ಮುರಿಯಲಿಲ್ಲ. 1976ರಲ್ಲಿ 'ಸ್ಪಂದನ' ಎಂಬ ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', ಕಂಬಾರರ 'ಕರಿಮಾಯಿ' ಮುಂತಾದವನ್ನು ಹಾಡು ಕುಣಿತಗಳೊಡನೆ ಆಡಿಸಿದರು. 'ಸದಾರಮೆ'ಯಲ್ಲಿ ತಾತ ಹೆಸರು ಮಾಡಿದ್ದ ಕಳ್ಳನ ವೇಷವನ್ನು ಮೊಮ್ಮಗಳು ತಾನೇ ಹಾಕಿದರು. ಹೆಂಗಸು ಗಂಡುವೇಷ ಕಟ್ಟಿ ಜನರನ್ನು ನಗಿಸಿ ಮನೆಗೆ ಕಳುಹಿಸುವುದು ಹುಡುಗಾಟವಲ್ಲ.

ಇನ್ನು ಆ ಎರಡನೆಯ ಕಾರಣ. ನಮ್ಮ ಸಿನಿಮಾಗಳಿಗೆ ಪರಭಾಷೆಯ ನಾಯಕಿಯರು ಬರುತ್ತಿದ್ದರು. ಮುಖ ಚೆಲುವು, ಮಾತು ಬಾರದು. ಆಗ ಕತ್ತಲೆಯ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ತೆರೆಯ ಮೇಲಿನ ತುಟಿಯನ್ನೇ ನೋಡುತ್ತ, ಅದು ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಇನ್ನೊಬ್ಬಳ ಅಳುವನ್ನು ತಾನು ಅಳಬೇಕು. ತುಟಿ ತಪ್ಪಿದರೆ ಮತ್ತೆ ಮೊದಲಿನಿಂದ. ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ—ಇವರಿಗೆಲ್ಲ ಜಯಶ್ರೀ ಹೀಗೆ ದನಿ ಕೊಟ್ಟರು. ಟಾಕೀಸಿನಲ್ಲಿ ಕಣ್ಣೊರೆಸಿಕೊಂಡ ನಾವು ನಾಯಕಿಯನ್ನು ಹೊಗಳಿ ಎದ್ದು ಬಂದೆವು. ದೋಸೆ ಚೆನ್ನಾಗಿತ್ತೆಂದು ಗಿರಾಕಿ ಗಲ್ಲಾದವನಿಗೆ ಹೇಳಿ ಹೋಗುತ್ತಾನೆ; ಒಳಗೆ ಕಾವಲಿಯ ಮುಂದೆ ಬೆವರಿದವನನ್ನು ಅವನು ಕಂಡಿರುವುದಿಲ್ಲ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ತೆರೆಯ ಮೇಲೆ ಅವರು ಬರಲೇ ಇಲ್ಲವೆಂದಲ್ಲ. 1997ರ 'ನಾಗಮಂಡಲ'ದಲ್ಲಿ ಕುರುಡವ್ವನಾದರು. ಗಂಡನ ಪ್ರೀತಿ ಕಾಣದ ರಾಣಿಗೆ ಬೇರು ಕೊಡುವ ಮುದುಕಿ ಆಕೆ. ಕಥೆಯೆಲ್ಲ ತಿರುಗುವುದು ಆ ಬೇರಿನಿಂದ. 2001ರಲ್ಲಿ 'ನನ್ನ ಪ್ರೀತಿಯ ಹುಡುಗಿ'ಯ ಕಾರಿನ ಹಾಡು ಹಾಡಿದಾಗಲಂತೂ, ರಂಗಭೂಮಿಯ ಕಡೆ ಮುಖ ಹಾಕದ ಕಾಲೇಜು ಹುಡುಗರೂ ಈ ದನಿ ಯಾರದೆಂದು ಕೇಳಿದರು.

ಮರ್ಯಾದೆಗಳೂ ಬಂದವು: 1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. ತಾತನಿಗೆ 1972ರಲ್ಲಿ ದೊರೆತದ್ದೂ ಪದ್ಮಶ್ರೀಯೇ. 2010ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ವಿದ್ಯಾರ್ಥಿನಿಯಾಗಿ ಬಂದಿದ್ದ ದೆಹಲಿಗೆ ಹೀಗೆ ಸದಸ್ಯೆಯಾಗಿ ಬಂದು, 2016ರವರೆಗೆ ಆ ಸ್ಥಾನದಲ್ಲಿದ್ದರು.

ಕೆಲಸ ಮುಗಿಸಿ ಮೊಬೈಲಿನಲ್ಲಿ ಹಳೆಯ ಚಿತ್ರ ಹಾಕಿದಾಗ, ಬಂಧುಗಳೇ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಆ ದನಿಯನ್ನು ಹುಡುಕಿ ನೋಡಿ. ಈಗ ರಾತ್ರಿ ಪಾಳಿಯವರು ಏಳಬಹುದು, ಹೊತ್ತಾಯಿತು.